ಮೈಸೂರಿನ ಗಾಡಿ, ಮುಂಬಯಿಯ ಗಾಳಿ

ಹಳೆಯ ಮೋಟಾರ್ ಸೈಕಲ್ಲೊಂದು ಬೆಳಿಗ್ಗೆ ಸ್ಟಾರ್ಟ್ ಆಗಲು ಒಪ್ಪದಿದ್ದರೆ ದೋಷವನ್ನೆಲ್ಲ ಕಾರ್ಬ್ಯುರೇಟರಿನ ತಲೆಗೆ ಕಟ್ಟುವುದು ಮುಂಬಯಿಯ ಮಿಸ್ತ್ರಿಗಳ ವಾಡಿಕೆ. ‘ಕಾರ್ಬೋರೇಟರ್ ಮೇಂ ಕಚರಾ ಹೈ’ ಎಂಬ ತೀರ್ಪು ಪರೇಲಿನಲ್ಲಿಯೂ ಅದೇ, ಕುರ್ಲಾದಲ್ಲಿಯೂ ಅದೇ, ಠಾಣೆಯಲ್ಲಿಯೂ ಅದೇ. ಕಸ ಇರುವುದೂ ಉಂಟು, ಇಲ್ಲವೆನ್ನಲಾರೆ. ಆದರೆ ೧೯೬೯ರ ಜಾವಾ ಗಾಡಿಯೊಂದರ ಜೊತೆ ನಾನು ಈ ನಗರದಲ್ಲಿ ಮೂವತ್ತೇಳು ವರ್ಷ ಬಾಳಿದ್ದೇನೆ. ಕಾರ್ಬ್ಯುರೇಟರಿನದೆಂದು ಹೆಸರಿಟ್ಟ ರೋಗಗಳಲ್ಲಿ ಹೆಚ್ಚಿನವು ಬೇರೆಲ್ಲೋ ಹುಟ್ಟಿ ಇಲ್ಲಿ ಬಂದು ಕೆಮ್ಮುತ್ತವೆ ಎಂಬುದು ಆ ಬಾಳ್ವೆಯಿಂದ ನಾನು ಕಂಡುಕೊಂಡ ಸಂಗತಿ.

ಕಾವ್ಯ, ಶಾಸನ, ಜಾನಪದಗಳ ಮೇಲಿನ ಪ್ರೌಢ ಲೇಖನಗಳಿರುವ ಇಂಥ ಸಂಪುಟದಲ್ಲಿ ಜೆಟ್ಟು ಪ್ಲಗ್ಗುಗಳ ಪುರಾಣವೇಕೆ ಎಂದು ಓದುಗರಿಗೆ ಅನ್ನಿಸಿದರೆ ಅದು ಸಹಜ. ಹೊರನಾಡಿನಲ್ಲಿ ನಮ್ಮೊಡನೆ ಉಳಿದು ಬಂದ ಕನ್ನಡದ ಬಗ್ಗೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಯಾವ ಕವಿತೆಯೂ ಅಲ್ಲ; ಅಣ್ಣ ಮೈಸೂರಿನಿಂದ ಬರೆದ ಹದಿನಾಲ್ಕು ಇನ್‌ಲ್ಯಾಂಡ್ ಪತ್ರಗಳು. ಅಣ್ಣ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದವನು, ಎಸ್.ಎಸ್.ಎಲ್.ಸಿ.ಯ ಆಚೆಗೆ ಓದಿದವನಲ್ಲ. ೧೯೮೭ರಲ್ಲಿ ತನ್ನ ಗಾಡಿಯನ್ನು ರೈಲ್ವೆ ಪಾರ್ಸೆಲ್ಲಿನಲ್ಲಿ ದಾದರಿಗೆ ಕಳುಹಿಸಿಕೊಟ್ಟ. ಅದರ ಬೆನ್ನಿಗೇ ಪತ್ರಗಳು ಬರತೊಡಗಿದವು. ಕ್ಷೇಮಸಮಾಚಾರ ಎರಡು ಸಾಲು, ಮಿಕ್ಕದ್ದೆಲ್ಲ ಗಾಡಿಯ ಆರೋಗ್ಯ. ಕನ್ನಡ ಪಾಠ ಹೇಳುವುದನ್ನೇ ಕಸುಬಾಗಿಸಿಕೊಂಡ ನಾನು ಇಷ್ಟು ಬಿಗಿಯಾದ ಗದ್ಯವನ್ನು ಪಠ್ಯಪುಸ್ತಕಗಳಲ್ಲಿ ಕಂಡದ್ದು ವಿರಳ.

ಮೈಸೂರಿಗೂ ಮುಂಬಯಿಗೂ ಈ ಗಾಡಿಯ ದೆಸೆಯಿಂದ ಬೆಳೆದ ನಂಟು ಹಳೆಯದು. ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಐವತ್ತರ ದಶಕದಲ್ಲಿ ಆಮದು ಮಾಡಿ ಮಾರುತ್ತಿದ್ದವರು ಮುಂಬಯಿಯ ಇರಾನಿ ಮನೆತನದವರು. ಮುಂದೆ ಅದನ್ನು ನಮ್ಮ ದೇಶದಲ್ಲಿಯೇ ತಯಾರಿಸುವ ಪರವಾನಗಿ ಪಡೆದಾಗ ಅವರು ಆರಿಸಿಕೊಂಡ ಊರು ಮೈಸೂರು. ೧೯೬೧ರಿಂದ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಅವುಗಳ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಎಂಬ ನಗರದಿಂದ ಬಂದ ಹೆಸರು ಅದು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಜಾವಾ ಎಂಬ ಹೆಸರೂ ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರೂ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆ. ಆದರೆ ಅವು ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು. ಅವುಗಳಲ್ಲಿ ಕಾರ್ಬ್ಯುರೇಟರೇ ಇಲ್ಲ, ಪೆಟ್ರೋಲನ್ನು ಅಳೆದು ಸಿಂಪಡಿಸುವ ವಿದ್ಯುತ್ ವ್ಯವಸ್ಥೆಯಿದೆ. ಹೆಸರು ಒಂದೇ, ಒಕ್ಕಲು ಬೇರೆ.

ನಮ್ಮ ಗಾಡಿಯ ರಚನೆ ಸರಳ. ಒಂದೇ ಸಿಲಿಂಡರು, ಅದಕ್ಕೆ ಎರಡು ಸೈಲೆನ್ಸರು. ೬೫ ಮಿಲಿಮೀಟರಿನ ಬೋರು, ೭೫ ಮಿಲಿಮೀಟರಿನ ಸ್ಟ್ರೋಕು, ಒಟ್ಟು ೨೪೮.೫ ಸಿ.ಸಿ. ಗೇರು ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರು. ಬೀಗದಕೈ ಎಂದರೆ ಒಂದು ಕಡ್ಡಿ. ಅದು ಕಳೆದುಹೋದರೆ ತಕ್ಕ ಗಾತ್ರದ ಮೊಳೆಯೊಂದು ಸಾಕೆಂಬ ಮಾತು ಮೈಸೂರಿನಲ್ಲಿ ಪ್ರಚಲಿತವಿತ್ತು. ಒಂದು ಲೀಟರು ಪೆಟ್ರೋಲಿಗೆ ೪೦ ಮಿಲಿಲೀಟರು ಎಣ್ಣೆ ಬೆರೆಸಬೇಕು. ಕವಾಟಗಳಿಲ್ಲ, ಕ್ಯಾಮ್ ಇಲ್ಲ. ಇಷ್ಟು ಕಡಿಮೆ ಅಂಗಾಂಗಗಳಿರುವ ಯಂತ್ರದಲ್ಲಿ ಇಷ್ಟು ಬಗೆಯ ಜಡ್ಡುಗಳು ಹೇಗೆ ಅಡಗಿರುತ್ತವೆ ಎಂಬುದೇ ವಿಸ್ಮಯ.

ಅಣ್ಣನ ಪತ್ರಗಳ ಮೊದಲ ನಿಯಮ ಕಾರ್ಬ್ಯುರೇಟರಿಗೆ ಸಂಬಂಧಿಸಿದ್ದೇ ಅಲ್ಲ. ಅದನ್ನು ಮುಟ್ಟುವ ಮೊದಲು ಪ್ಲಗ್ ಬಿಚ್ಚಿ ನೋಡಬೇಕು, ಮೂಸಬೇಕು. ಹತ್ತು ಸಲ ಕಿಕ್ ಹೊಡೆದ ಮೇಲೂ ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಕಿಡಿ ಹತ್ತಿಲ್ಲ ಅಥವಾ ಪೆಟ್ರೋಲು ಅತಿಯಾಗಿದೆ. ಅರ್ಧ ನಿಮಿಷದ ಈ ಪರೀಕ್ಷೆ ಅರ್ಧ ದಿನದ ಕೆಲಸವನ್ನು ಉಳಿಸುತ್ತದೆ. ಅನಂತರ ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಸಿಲಿಂಡರಿನ ರೆಕ್ಕೆಗಳಿಗೆ ತಾಗುವಂತೆ, ಆದರೆ ಪ್ಲಗ್ಗಿನ ತೂತಿನಿಂದ ದೂರವಾಗಿ ಇಟ್ಟು ಕಿಕ್ ಹೊಡೆಯಬೇಕು. ಕಿಡಿ ನೀಲಿಯಾಗಿ, ಚಟಪಟ ಸದ್ದಿನೊಡನೆ ಹಾರಿದರೆ ಸರಿ. ಕೆಂಪು ಬೆರೆತ ಹಳದಿಯಾದರೆ ದುರ್ಬಲ. ಆರು ವೋಲ್ಟಿನ ಬ್ಯಾಟರಿಯನ್ನು ನಂಬಿದ ಗಾಡಿ ಇದು. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ.

ಕಿಡಿಯ ರೋಗಗಳಲ್ಲಿ ಕಂಡೆನ್ಸರಿನದು ಎಲ್ಲಕ್ಕಿಂತ ವಂಚಕ ಬಗೆ. ಗಾಡಿ ತಣ್ಣಗಿರುವಾಗ ಒಂದೇ ಕಿಕ್ಕಿಗೆ ಎದ್ದು ಕೂರುತ್ತದೆ. ಏಳೆಂಟು ಕಿಲೋಮೀಟರು ಹೋಗಿ ಕಾವೇರಿದ ಮೇಲೆ ತಡವರಿಸಿ ನಿಲ್ಲುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಪೆಟ್ರೋಲಿನ ದಾರಿ ಕಟ್ಟಿದರೂ ಹೆಚ್ಚುಕಡಿಮೆ ಇದೇ ಲಕ್ಷಣ ಕಾಣುವುದರಿಂದ ಮಿಸ್ತ್ರಿ ಕಾರ್ಬ್ಯುರೇಟರನ್ನು ಬಿಚ್ಚುತ್ತಾನೆ. ಬಿಚ್ಚಿ ತೊಳೆಯುವಷ್ಟರಲ್ಲಿ ಎಂಜಿನ್ ತಣ್ಣಗಾಗುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ. ಕಸ ಸಿಕ್ಕಿತೆಂದು ಅವನು ಹಣ ಪಡೆಯುತ್ತಾನೆ. ಅವನು ಸುಳ್ಳುಗಾರನಲ್ಲ, ಅವನ ಕಣ್ಣೆದುರಿಗೇ ಗಾಡಿ ಗುಣವಾಗಿದೆ. ಇದನ್ನು ಗುರುತಿಸಲು ಅಣ್ಣ ಹೇಳಿದ ಉಪಾಯ ಹೀಗಿದೆ: ಗಾಡಿ ಬಿಸಿಯಿದ್ದು ನಿಂತ ಕೂಡಲೇ ಮುಚ್ಚಳ ತೆಗೆದು, ಕಿಕ್ ಹೊಡೆಯುವಾಗ ಪಾಯಿಂಟುಗಳ ನಡುವೆ ನೋಡಬೇಕು. ಅಲ್ಲಿಯೇ ದೊಡ್ಡ ಕಿಡಿ ಹಾರುತ್ತಿದ್ದರೆ ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಅಲ್ಲಿ ಸೋರಿಹೋಗುತ್ತಿದೆ ಎಂದರ್ಥ. ಪಾಯಿಂಟುಗಳ ಅಂತರ ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಭಾಗ. ಪ್ಲಗ್ಗಿನ ಅಂತರಕ್ಕೆ ಹತ್ತಿರದ ಅಳತೆಯೆಂದು ಅಣ್ಣ ಸೂಚಿಸಿದ್ದು ಹ್ಯಾಕ್ಸಾ ಬ್ಲೇಡಿನ ದಪ್ಪವನ್ನು. ಅಳೆದು ನೋಡಿದೆ, ಆರು ಭಾಗಕ್ಕೆ ಕೂದಲೆಳೆಯಷ್ಟು ಮೇಲು.

ಕಿಡಿ ಸರಿಯಿದೆ ಎಂದಾದ ಮೇಲೆ ಪೆಟ್ರೋಲಿನ ದಾರಿ. ಇಲ್ಲಿಯೂ ಟ್ಯಾಂಕಿನಿಂದ ಇಳಿಯುತ್ತ ಬರಬೇಕೇ ಹೊರತು ಕಾರ್ಬ್ಯುರೇಟರಿನಿಂದ ಏರುತ್ತ ಹೋಗಬಾರದು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣದೊಂದು ರಂಧ್ರವಿರುತ್ತದೆ. ಅದು ಧೂಳಿನಿಂದ ಮುಚ್ಚಿಹೋದರೆ ಗಾಡಿ ಎರಡು ಮೂರು ಕಿಲೋಮೀಟರು ಓಡಿ ನಿಂತುಬಿಡುತ್ತದೆ. ಮುಚ್ಚಳ ತಿರುಗಿಸಿದಾಗ ಉಸ್ಸೆಂದು ಸದ್ದಾಗಿ ಮತ್ತೆ ಪೆಟ್ರೋಲು ಇಳಿಯುತ್ತದೆ. ಸಯನ್ ಸರ್ಕಲ್ಲಿನಲ್ಲಿ ಸುರಿಯುವ ಮಳೆಯಲ್ಲಿ ಈ ರೋಗ ಗುರುತಿಸಿ, ಕೈಯಲ್ಲಿ ಒಂದು ಸೇಫ್ಟಿಪಿನ್ನು ಬಿಟ್ಟರೆ ಬೇರೇನೂ ಇಲ್ಲದೆ ಗಾಡಿಯನ್ನು ಎಬ್ಬಿಸಿದ ಹೆಮ್ಮೆ ನನಗಿದೆ. ಅನಂತರ ಟ್ಯಾಪಿನ ಜಾಲರಿ, ಆಮೇಲೆ ಕೊಳವೆ.

ಈ ಹಂತದಲ್ಲಿ ಮಾತ್ರ ಕಾರ್ಬ್ಯುರೇಟರಿಗೆ ಕೈ ಹಾಕಬೇಕು. ಜಾವಾದ್ದು ಜಿಕೋವ್ ಎಂಬ ಚೆಕ್ ಮಾದರಿ. ಲೋಹದ ಹೊದಿಕೆಯೊಳಗೆ ಮುಸುಕು ಹಾಕಿಕೊಂಡು ಕೂತಿರುತ್ತದೆ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಚೋಕ್ ಎಳೆಯುವ ಬದಲು ಟಿಕ್ಲರ್ ಎಂಬ ಗುಂಡಿಯನ್ನು ಒತ್ತಬೇಕು. ಒತ್ತಿದರೆ ಒಳಗಿನ ತೇಲುಬುರುಡೆ ಮುಳುಗಿ, ಬಟ್ಟಲಿನಲ್ಲಿ ಪೆಟ್ರೋಲು ಮಟ್ಟ ಮೀರಿ ಏರಿ, ಬೆರಕೆ ಗಟ್ಟಿಯಾಗುತ್ತದೆ. ಬಿಸಿ ಗಾಡಿಗೆ ಒತ್ತಿದರೆ ಪ್ಲಗ್ಗು ತೊಯ್ದು ಕೆಲಸ ಕೆಡುತ್ತದೆ. ಹಾಗಾದಾಗ ಟ್ಯಾಪು ಮುಚ್ಚಿ, ಪ್ಲಗ್ಗು ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹತ್ತು ಹನ್ನೆರಡು ಸಲ ಕಿಕ್ ಹೊಡೆದರೆ ಒಳಗಿನ ಪೆಟ್ರೋಲು ಆವಿಯಾಗಿ ಹೊರಬೀಳುತ್ತದೆ.

ತೇಲುಬುರುಡೆ ಎಂಬುದು ಅಣ್ಣನ ಮಾತು. ಹಿತ್ತಾಳೆಯ ಈ ಟೊಳ್ಳು ಡಬ್ಬಿ ಕಾಲಕ್ರಮದಲ್ಲಿ ಬೆಸುಗೆಯ ಜಾಗದಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ಒಳಗೆ ಪೆಟ್ರೋಲು ಸೇರಿ ಭಾರವಾದ ಬುರುಡೆ ತೇಲದೆ ಮುಳುಗುತ್ತದೆ. ಪೆಟ್ರೋಲಿನ ಬಾಗಿಲು ಮುಚ್ಚುವುದೇ ಇಲ್ಲ. ಗಾಡಿಯ ಕೆಳಗೆ ನೆಲ ಒದ್ದೆಯಾಗುತ್ತದೆ. ಅದನ್ನು ಕಿವಿಯ ಬಳಿ ಹಿಡಿದು ಕುಲುಕಿ ಕೇಳಬೇಕು. ಒಳಗೆ ದ್ರವದ ಸದ್ದಿದ್ದರೆ ಬಿಸಿನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಏಳುವ ಜಾಗವೇ ಬಿರುಕು. ಆ ಬಿರುಕಿನಿಂದಲೇ ಪೆಟ್ರೋಲನ್ನು ಪೂರ್ತಿ ಹೊರಗೆಡವಿ, ಒಣಗಿಸಿದ ಬಳಿಕವಷ್ಟೇ ಬೆಸುಗೆಯ ಮಾತು. ಆವಿ ಉಳಿದಿರುವ ಬುರುಡೆಗೆ ಕಾವು ತಾಗಿಸಿದರೆ ಅದು ಪಟಾಕಿ. ಈ ಎಚ್ಚರಿಕೆಯ ಕೆಳಗೆ ಅಣ್ಣ ಎರಡು ಗೆರೆ ಎಳೆದಿದ್ದ. ಬೆಸುಗೆಯ ಸೀಸವನ್ನೂ ತೂಗಿ ಹಾಕಬೇಕೆಂದಿದ್ದ; ಬುರುಡೆ ಭಾರವಾದರೆ ಬಟ್ಟಲಿನ ಮಟ್ಟವೇ ಬದಲಾಗುತ್ತದೆ.

ಪೈಲಟ್ ಜೆಟ್ಟಿನ ರಂಧ್ರ ಎಷ್ಟು ಸಣ್ಣದೆಂದರೆ, ಬೆಳಕಿಗೆ ಹಿಡಿದು ನೋಡಿದರೆ ನಕ್ಷತ್ರದಂತೆ ಕಾಣುತ್ತದೆ. ಗಾಡಿ ಸ್ಟಾರ್ಟ್ ಆಗುವುದೂ ನಿಂತಲ್ಲಿ ಮೆಲ್ಲಗೆ ಓಡುವುದೂ ಅದರ ಕೃಪೆ. ವಾರಗಟ್ಟಲೆ ನಿಂತ ಪೆಟ್ರೋಲು ಆರಿ ಅದರೊಳಗೆ ಅರಗಿನಂತೆ ಅಂಟಿಕೊಳ್ಳುತ್ತದೆ. ನಮ್ಮ ಮಿಸ್ತ್ರಿಗಳು ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆಯೊಂದನ್ನು ಕಿತ್ತು ಚುಚ್ಚುತ್ತಾರೆ. ರಂಧ್ರ ಸ್ವಚ್ಛವಾಗುತ್ತದೆ, ದೊಡ್ಡದೂ ಆಗುತ್ತದೆ. ಹಿತ್ತಾಳೆ ಮೆದು ಲೋಹ. ಒಮ್ಮೆ ಅಗಲವಾದ ರಂಧ್ರವನ್ನು ಕಿರಿದು ಮಾಡುವ ವಿದ್ಯೆ ಯಾರಲ್ಲಿಯೂ ಇಲ್ಲ. ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಊದಿ, ಅಗತ್ಯವಾದರೆ ಬ್ರಷ್ಷಿನ ನೈಲಾನ್ ಕೂದಲಿನಿಂದ ತೆಗೆಯಬೇಕು.

ಇನ್ನು ಅಣ್ಣನ ಪದಕೋಶದ ಬಗ್ಗೆ ಹೇಳಬೇಕು. ಇಂಗ್ಲಿಷ್ ಕೈಪಿಡಿಗಳಲ್ಲಿ ಬೆರಕೆ ತೆಳುವಾಗಿದೆ, ಗಟ್ಟಿಯಾಗಿದೆ ಎಂಬ ಅರ್ಥದ ಮಾತುಗಳಿವೆ. ಅಣ್ಣನ ಪತ್ರಗಳಲ್ಲಿ ಗಾಡಿ ಹಸಿದಿರುತ್ತದೆ ಅಥವಾ ಅದಕ್ಕೆ ಅಜೀರ್ಣವಾಗಿರುತ್ತದೆ. ಆಕ್ಸಿಲರೇಟರು ಕೊಟ್ಟಾಗ ಕಾರ್ಬ್ಯುರೇಟರಿನ ಬಾಯಿಂದ ಫಟ್ಟನೆ ಹಿಂದಕ್ಕೆ ಉಗುಳಿದರೆ ಅದು ಸೀನು, ಹಸಿವಿನ ಗುರುತು. ಒಂದು ಬಿಟ್ಟು ಒಂದು ಸುತ್ತಿಗೆ ಉರಿದು ಗೊರಗೊರ ಎಂದರೆ ಗೊರಕೆ, ಅಜೀರ್ಣದ ಗುರುತು. ಸ್ಟಾರ್ಟ್ ಆಗಿ, ನಿಂತಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಮಾತ್ರ ಬಲವಿಲ್ಲದೆ ಏದುಸಿರು ಬಿಟ್ಟರೆ ಅದು ಉಬ್ಬಸ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದೆ, ಕಾರ್ಬ್ಯುರೇಟರು ನಿರಪರಾಧಿ. ಇವು ಅಲಂಕಾರದ ಮಾತುಗಳಲ್ಲ. ಒಂದೊಂದು ಪದಕ್ಕೂ ಒಂದೊಂದು ಕಾರಣ, ಒಂದೊಂದು ಚಿಕಿತ್ಸೆ ಗೊತ್ತಾಗಿರುವ ಪರಿಭಾಷೆ ಇದು. ಕಾರ್ಖಾನೆಯ ನೆಲದ ಮೇಲೆ ಎಷ್ಟು ಜನರ ಬಾಯಲ್ಲಿ ಸವೆದು ಈ ಮಾತುಗಳು ಇಷ್ಟು ನಯವಾಗಿದ್ದವೋ! ಪಾರಿಭಾಷಿಕ ಪದಕೋಶಗಳನ್ನು ರಚಿಸಿದ ನಮ್ಮ ವಿದ್ವಾಂಸರು ಸಂಸ್ಕೃತದ ಕಡೆ ನೋಡಿದರು. ಅದರ ಅಗತ್ಯವೂ ಇತ್ತು. ಆದರೆ ಕಾರ್ಮಿಕರ ಕ್ಯಾಂಟೀನಿಗೆ ಹೋಗಿ ಕುಳಿತು ಕೇಳಿದ್ದರೆ ಕೆಲವು ಪುಟಗಳು ಬೇರೆಯೇ ಆಗುತ್ತಿದ್ದವೆಂಬುದು ನನ್ನ ಅಭಿಪ್ರಾಯ.

ಮುಂಬಯಿಗೆ ಬಂದ ಮೊದಲ ವರ್ಷ ಗಾಡಿಗೆ ಸೀನು ಹತ್ತಿತು. ಪ್ಲಗ್ಗು ಬಿಚ್ಚಿದರೆ ಸುಣ್ಣದಂತೆ ಬಿಳಿ. ಅಣ್ಣನ ಉತ್ತರ ಹತ್ತು ದಿನಕ್ಕೆ ಬಂತು. ಮೈಸೂರು ಸಮುದ್ರಮಟ್ಟದಿಂದ ಸುಮಾರು ೭೭೦ ಮೀಟರು ಎತ್ತರದಲ್ಲಿದೆ. ಅಲ್ಲಿಯ ಗಾಳಿ ತೆಳು. ಆ ಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರು ಕಡಲ ದಂಡೆಯ ದಟ್ಟ ಗಾಳಿಯಲ್ಲಿ ಅಷ್ಟೇ ಪೆಟ್ರೋಲು ಕೊಟ್ಟರೆ ಸಾಲದು. ಸ್ಲೈಡಿನೊಳಗಿನ ಸೂಜಿಯ ಮೇಲ್ತುದಿಯಲ್ಲಿ ಗೀರುಗಳಿರುತ್ತವೆ. ಅದರ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಸಿಕ್ಕಿಸಿದರೆ ಸೂಜಿ ಒಂದು ಗೀರು ಮೇಲೇಳುತ್ತದೆ, ಪೆಟ್ರೋಲು ತುಸು ಹೆಚ್ಚು ಹರಿಯುತ್ತದೆ. ಅಷ್ಟೇ ಮಾಡು, ಬೇರೇನನ್ನೂ ಅದರ ಜೊತೆ ಬದಲಾಯಿಸಬೇಡ, ನೂರು ಕಿಲೋಮೀಟರು ಓಡಿಸಿ ಪ್ಲಗ್ಗಿನ ಬಣ್ಣ ಬರೆ ಎಂದಿದ್ದ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅವನ ಎರಡನೆಯ ನಿಯಮ. ನೂರು ಕಿಲೋಮೀಟರಿನ ನಂತರ ಪ್ಲಗ್ಗು ಕಾಫಿಪುಡಿಯ ಬಣ್ಣಕ್ಕೆ ಬಂದಿತ್ತು. ಊರು ಬಿಟ್ಟು ಬಂದವರಾದ ನಮಗೆ ಹೊಸ ನೆಲದ ಅನ್ನನೀರಿಗೆ ಒಗ್ಗಲು ಎಷ್ಟು ವರ್ಷ ಬೇಕಾಯಿತೆಂದು ನೆನೆದರೆ ಗಾಡಿ ಬಲು ಬೇಗ ಒಗ್ಗಿತೆನ್ನಬೇಕು.

ಹಸಿವಿಗೆ ಇನ್ನೊಂದು ಕಾರಣವುಂಟು, ಕಳ್ಳಗಾಳಿ. ಎರಡು ಸ್ಟ್ರೋಕಿನ ಎಂಜಿನ್ನು ಪೆಟ್ರೋಲು ಬೆರೆತ ಗಾಳಿಯನ್ನು ಮೊದಲು ಕ್ರಾಂಕ್ ಕೋಣೆಗೆ ಎಳೆದುಕೊಳ್ಳುತ್ತದೆ. ಆ ಕೋಣೆಯ ಎರಡು ಬದಿಯ ಆಯಿಲ್ ಸೀಲುಗಳು ಗಟ್ಟಿಯಾಗಿ ಬಿರಿದರೆ ಕಾರ್ಬ್ಯುರೇಟರಿನ ಮೂಲಕ ಬಾರದ ಗಾಳಿ ಒಳಸೇರುತ್ತದೆ. ಡೈನಮೋ ಬದಿಯ ಸೀಲು ಹೋದರೆ ಗಾಡಿ ಸ್ಟಾರ್ಟ್ ಆಗಲು ಮೊಂಡಾಟ ಮಾಡುತ್ತದೆ, ಸ್ಟಾರ್ಟ್ ಆದರೆ ಆಕ್ಸಿಲರೇಟರು ಬಿಟ್ಟ ಮೇಲೂ ವೇಗ ಇಳಿಯದೆ ಕೂಗುತ್ತದೆ. ಕ್ಲಚ್ ಬದಿಯದು ಹೋದರೆ ಅಲ್ಲಿಯ ಎಣ್ಣೆಯನ್ನೇ ಹೀರಿ ಬಿಳಿಯ ಹೊಗೆ ಕಾರುತ್ತದೆ. ಇಂಥ ಗಾಡಿಯ ಕಾರ್ಬ್ಯುರೇಟರನ್ನು ವರ್ಷವಿಡೀ ತಿರುಗಿಸಿದರೂ ಫಲವಿಲ್ಲ. ೨೦೦೪ರಲ್ಲಿ ನಮ್ಮ ಗಾಡಿಗೆ ಇದು ಬಂದಾಗ ಎಂಜಿನ್ನನ್ನೇ ಬಿಚ್ಚಬೇಕಾಯಿತು. ಮಾಡಿದವನು ಪರೇಲಿನ ಒಬ್ಬ ಮರಾಠಿ ಮಿಸ್ತ್ರಿ. ಅವನಿಗೆ ನಾನು ಅಣ್ಣನ ಪತ್ರವನ್ನು ಹಿಂದಿಗೆ ತಿರುಗಿಸಿ ಓದಿ ಹೇಳುತ್ತಿದ್ದೆ. ‘ಸರ್, ತುಮ್ಹಾರಾ ಭಾಯಿ ಉಸ್ತಾದ್ ಹೈ’ ಎಂದ. ಅಣ್ಣನಿಗೆ ಫೋನು ಮಾಡಿ ಇದನ್ನು ತಿಳಿಸಿದಾಗ ಅವನು ಹೊಗಳಿಕೆಯನ್ನು ಕೇಳಿಸಿಕೊಳ್ಳದವನಂತೆ, ಸೀಲಿನ ತುಟಿಗೆ ಗ್ರೀಸು ಸವರಿದನೋ ಇಲ್ಲವೋ ಎಂದು ವಿಚಾರಿಸಿದ. ೨೦೦೯ರಲ್ಲಿ ಅಣ್ಣ ತೀರಿಕೊಂಡ.

ಅವನ ಪತ್ರಗಳಲ್ಲಿ ಉತ್ತರವಿಲ್ಲದ ಸಮಸ್ಯೆ ಎದುರಾದದ್ದು ತೀರ ಈಚೆಗೆ. ೨೦೨೩ರ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂತು. ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊಂದಿರುವ ವಸ್ತು. ಆದ್ದರಿಂದ ಅದೇ ಜೆಟ್ಟಿನಿಂದ ಹರಿದರೂ ಬೆರಕೆ ತೆಳುವಾಗುತ್ತದೆ, ಗಾಡಿ ಹಸಿಯುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ತೇವ ಮಿತಿ ಮೀರಿದರೆ ನೀರೂ ಎಥೆನಾಲೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಟ್ಯಾಪು ಮೊದಲು ಎಳೆದುಕೊಳ್ಳುವುದು ಆ ತಳದ್ದನ್ನೇ. ಮುಂಬಯಿಯ ಮಳೆಗಾಲದಲ್ಲಿ ಎರಡು ವಾರ ನಿಂತ ಹಳೆಯ ಗಾಡಿಗೆ ಇದಕ್ಕಿಂತ ಅಪಥ್ಯವಿಲ್ಲ. ಹಳೆಯ ಕಾಲದ ರಬ್ಬರು ವಾಷರುಗಳು ಅದರಲ್ಲಿ ಉಬ್ಬುತ್ತವೆ. ಟ್ಯಾಂಕಿನೊಳಗೆ ವರ್ಷಗಳಿಂದ ಅಂಟಿಕೊಂಡಿದ್ದ ಜಿಗುಟು ಕರಗಿ ಜೆಟ್ಟಿಗೆ ಇಳಿಯುತ್ತದೆ. ಮಿಸ್ತ್ರಿಗಳ ಕಚರಾ ಈಗ ನಿಜವಾಗಿಯೂ ಬಂದಿದೆ ಎನ್ನಬೇಕು.

ಅಣ್ಣ ಇದ್ದಿದ್ದರೆ ಏನು ಬರೆಯುತ್ತಿದ್ದನೆಂದು ಊಹಿಸಿಕೊಂಡು, ಅವನ ಎರಡು ನಿಯಮಗಳನ್ನೇ ಹಿಡಿದು ನಡೆದೆ. ಗಾಡಿ ಹತ್ತು ದಿನಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಕಾರ್ಬ್ಯುರೇಟರಿನ ಬಟ್ಟಲನ್ನು ಖಾಲಿ ಮಾಡತೊಡಗಿದೆ. ಪೆಟ್ರೋಲಿನ ಕೊಳವೆಯನ್ನೂ ವಾಷರುಗಳನ್ನೂ ಎಥೆನಾಲ್ ತಾಳುವ ಜಾತಿಯವಕ್ಕೆ ಬದಲಾಯಿಸಿದೆ. ಸೂಜಿಯನ್ನು ಇನ್ನೊಂದು ಗೀರು ಏರಿಸಿದೆ. ಬಿಳಿಚಿಕೊಂಡಿದ್ದ ಪ್ಲಗ್ಗಿಗೆ ಬಣ್ಣ ಮರಳಿತು. ಜಪಾನೀ ಮಾದರಿಯ ಹೊಸ ಕಾರ್ಬ್ಯುರೇಟರು, ವಿದ್ಯುನ್ಮಾನ ಇಗ್ನಿಶನ್ನು ಹಾಕಿಸಿಬಿಡಿ, ಒಂದೇ ಕಿಕ್ಕಿಗೆ ಏಳುತ್ತದೆ ಎಂದು ಹಲವರು ಸಲಹೆಯಿತ್ತರು. ಅವರ ಮಾತು ತಪ್ಪಲ್ಲ. ಐವತ್ತು ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ೨೦೨೧ರ ನಿಯಮ ಮೂಲ ರೂಪ ಉಳಿದಿರಬೇಕೆಂದು ವಿಧಿಸುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಓಡಿಸಲಾಗದ ಗಾಡಿ ನನಗೆ ಬೇಡವಾದ್ದರಿಂದ ಆ ನೋಂದಣಿಗೆ ನಾನು ಹೋಗಲಿಲ್ಲ. ಜಿಕೋವನ್ನು ತೆಗೆಯದಿರಲು ಕಾರಣ ನಿಯಮವಲ್ಲ. ಅದನ್ನು ತೆಗೆದರೆ ಹದಿನಾಲ್ಕು ಪತ್ರಗಳೂ ಯಾವುದೋ ಬೇರೆ ಗಾಡಿಯ ವಿಷಯವಾಗಿಬಿಡುತ್ತಿದ್ದವು.

೨೦೨೪ರ ಕೊನೆಗೆ ನನ್ನ ಮೊಣಕಾಲು ಕಿಕ್ಕರಿಗೆ ಸೋತಿತು. ಅಣ್ಣನ ಮಗ ಪುಣೆಯಲ್ಲಿದ್ದಾನೆ. ಅವನ ಮಗಳು ಅಲ್ಲಿಯೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾಳೆ. ಗಾಡಿ ಬೇಕೆಂದು ಕೇಳಿದವಳು ಅವಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಹೊರನಾಡಿನ ಮೂರನೆಯ ತಲೆಮಾರಿನ ಕಥೆ ಬಹುತೇಕ ಮನೆಗಳಲ್ಲಿ ಇದೇ. ಮಡಿಕೆಗಳಲ್ಲಿ ಹರಿಯತೊಡಗಿರುವ ಆ ಪತ್ರಗಳನ್ನು ನಾನು ಭಾನುವಾರಗಳಂದು ಫೋನಿನಲ್ಲಿ ಓದಿ ಹೇಳಿದೆ. ಅವಳು ಅವುಗಳನ್ನು ಮರಾಠಿಯ ಲಿಪಿಯಲ್ಲಿ, ಕನ್ನಡದ ಮಾತುಗಳಲ್ಲಿಯೇ ಬರೆದುಕೊಂಡಳು. ಹತ್ತನೆಯ ಪತ್ರದ ಹೊತ್ತಿಗೆ, ಅಕ್ಷರ ಕಲಿಯುವುದಕ್ಕೆ ಎಷ್ಟು ದಿನ ಬೇಕು ಎಂದು ವಿಚಾರಿಸಿದಳು. ನಾನು ಒತ್ತಾಯ ಮಾಡಲಿಲ್ಲ; ಒಂದು ವರ್ಣಮಾಲೆಯ ಪುಸ್ತಕವನ್ನು ಸ್ಪಾನರುಗಳ ಪೆಟ್ಟಿಗೆಯೊಳಗೆ ಇಟ್ಟು ಕಳುಹಿಸಿದೆ.

ಪುಣೆ ಸಮುದ್ರಮಟ್ಟದಿಂದ ಸುಮಾರು ೫೬೦ ಮೀಟರು ಎತ್ತರದ ಊರು. ಮೈಸೂರಿಗೂ ಮುಂಬಯಿಗೂ ನಡುವಿನದು. ಘಟ್ಟದ ಮೇಲೆ ಗಾಳಿ ತೆಳುವಾದ್ದರಿಂದ ಸೂಜಿಯನ್ನು ಇಳಿಸಬೇಕು, ಹೊಸ ಪೆಟ್ರೋಲಿನ ಹಸಿವಿಗೆ ಏರಿಸಬೇಕು, ಯಾವುದನ್ನು ಕೇಳುವುದು? ಅವಳು ಕಾಗದದ ಮೇಲೆ ಲೆಕ್ಕ ಹಾ​ಕಿ, ಒಂದು ಗೀರು ಇಳಿಸೋಣವೆಂದಳು. ಮೊದಲು ನೂರು ಕಿಲೋಮೀಟರು ಓಡಿಸು, ಮಧ್ಯೆ ಏನನ್ನೂ ಮುಟ್ಟಬೇಡ ಎಂದೆ. ಮೂರನೆಯ ವಾರ ಫೋನು ಬಂತು.

“ಚಿಕ್ಕ ತಾತ, ಸೀನೂ ಇಲ್ಲ, ಗೊರಕೇನೂ ಇಲ್ಲ. ಕಾತ್ರಜ್ ಏರಿನಲ್ಲಿ ಸ್ವಲ್ಪ ಉಬ್ಬಸ ಇದೆ.”

“ಹಾಗಾದರೆ ಸೈಲೆನ್ಸರ್ ಬಿಚ್ಚಿ ಮಸಿ ತೆಗೆಸು. ಪ್ಲಗ್ಗು ಯಾವ ಬಣ್ಣ?”

ಚಿತ್ರ ಕಳುಹಿಸಿದಳು. ಕಾಫಿಪುಡಿ. ಸೂಜಿ ಇದ್ದಲ್ಲಿಯೇ ಇರಲಿ ಎಂದೆ.